ಮಾದರಿಗೆ ಒಂದು ಕಾಯಿಲ್

ಮೇ ಹನ್ನೊಂದು, ಭಾನುವಾರ
ವೈಂಡಿಂಗ್ ಅಂಗಡಿಯಿಂದ

ನನ್ನ ನಟ್ಟುಮರಿಗೆ,

ಅಪ್ಪನ ಆಶೀರ್ವಾದ. ನಿನ್ನ ಎರಡು ಕಾಗದಗಳೂ ತಲುಪಿದವು. ಉತ್ತರಕ್ಕೆ ಇಷ್ಟು ತಡ ಮಾಡಿದ್ದಕ್ಕೆ ಬೈಯಬೇಕೆನಿಸಿದರೆ ಬೈ, ಆದರೆ ಪೂರ್ತಿ ಓದಿದ ಮೇಲೆ. ಅಮ್ಮ ಚೆನ್ನಾಗಿದ್ದಾಳೆ, ಮಂಡಿ ನೋಯುತ್ತದೆ, ಬಾಯಿಗೇನೂ ನೋವಿಲ್ಲ. ನಮ್ಮ ಅಂಗಡಿಯ ಹುಡುಗ ಲಂಬು ಎಂದಿನಂತೆ ತಡವಾಗಿ ಬಂದು, ಬೇಗ ಹೋಗಿ, ನಡುವೆ ಇಬ್ಬರ ಕೆಲಸ ಮಾಡುತ್ತಾನೆ. ಮೋಟರ್ ವೈಂಡಿಂಗಿನಲ್ಲಿ ಈಗ ಅವನ ಕೈ ನನ್ನದಕ್ಕಿಂತ ಚುರುಕು.

ಇನ್ನು ನಿನ್ನ ಮಾಡೆಲಿನ ಸುದ್ದಿ. ಅದು ಹೋಯಿತು ಮಗಳೇ. ಕಂಪ್ಯೂಟರ್ ಕೆಟ್ಟಿಲ್ಲ, ಕಳ್ಳರೂ ಬಂದಿಲ್ಲ. ಕಳೆದವನು ನಾನೇ.

ಆ ರಜೆಯಲ್ಲಿ ನೀನು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಓಡುವ ಮೋಟರುಗಳ ಸದ್ದನ್ನು ಮೈಕಿನಲ್ಲಿ ಹಿಡಿದು, ಒಂದೊಂದಕ್ಕೂ "ಇದೇನಪ್ಪ?" ಎಂದು ಕೇಳುತ್ತಿದ್ದೆ. ಬೇರಿಂಗ್ ಸವೆದಿದೆ, ಫ್ಯಾನು ತಾಗುತ್ತಿದೆ, ಇದು ಸರಿಯಿದೆ ಎಂದು ನಾನು ಹೇಳಿದ್ದನ್ನೆಲ್ಲ ನೀನು ಆ ನ್ಯೂರಲ್ ನೆಟ್‌ವರ್ಕ್ ಮಾಡೆಲಿಗೆ ಉಣಿಸಿದೆ. ರಜೆ ಮುಗಿಯುವ ಹೊತ್ತಿಗೆ ಅದು ಥೇಟ್ ನನ್ನಂತೆಯೇ ಹೇಳತೊಡಗಿತು. ಕಲಿತದ್ದೆಲ್ಲ ಅಂಕಿಗಳಾಗಿ ಒಂದು ಫೈಲಿನಲ್ಲಿ ಕೂತಿರುತ್ತದೆ, ಬೆಳಿಗ್ಗೆ ಅದನ್ನು ಲೋಡ್ ಮಾಡಿದರೆ ಸಾಕು, ಮತ್ತೆ ಮೊದಲಿಂದ ಕಲಿಸಬೇಕಿಲ್ಲ ಎಂದು ನೀನು ಹೇಳಿದೆ. ಹೊರಡುವಾಗ ನಿನಗೊಂದು ಪ್ರತಿ ಬೇಕೆಂದೆ. "ನನ್ನ ಕಿವಿ ನನ್ನ ಅಂಗಡೀಲೇ ಇರ್ಲಿ, ಊರೂರು ಸುತ್ತೋದು ಬೇಡ" ಎಂದು ನಾನು ಕೊಡಲಿಲ್ಲ. "ಹಾಗಾದ್ರೆ ಹೊಸದೇನಾದ್ರೂ ಕಲಿಸಿದ್ರೆ ಬೇರೆ ಹೆಸರಲ್ಲಿ ಸೇವ್ ಮಾಡಪ್ಪ, ಹಳೇದರ ಮೇಲೆ ಮಾಡ್ಬೇಡ" ಎಂದು ಬಾಗಿಲಲ್ಲಿ ನಿಂತೂ ಹೇಳಿದೆ.

ಹೋದ ಚಳಿಗಾಲದಲ್ಲಿ ಅದಕ್ಕೂ ನನಗೂ ಜಗಳ ಶುರುವಾಯಿತು. ನಾನು ಸರಿಯಿದೆ ಎಂದ ಮೋಟರಿಗೆ ಅದು ಬೇರಿಂಗ್ ಸವೆದಿದೆ ಎನ್ನುತ್ತಿತ್ತು, ಅದೂ ಲಂಬುವಿನ ಎದುರಿಗೆ. ಗುರುವಿಗೇ ತಿರುಮಂತ್ರ ಹಾಕುತ್ತದಲ್ಲ ಎಂದು ಮೈ ಉರಿಯಿತು. ಲಂಬು ಊಟಕ್ಕೆ ಹೋದಾಗಲೆಲ್ಲ ಕೂತು ತಿದ್ದಿದೆ. ನೀನು ತೋರಿಸಿಕೊಟ್ಟಂತೆಯೇ ಸದ್ದು ಹಿಡಿದು, ಸರಿಯಿದೆ, ಸರಿಯಿದೆ ಎಂದು ಒತ್ತಿ, ಮತ್ತೆ ಟ್ರೈನ್ ಮಾಡಿ, ಅದೇ ಹೆಸರಿನಲ್ಲಿ ಸೇವ್ ಮಾಡಿದೆ. ಹಳೆಯದರ ಮೇಲೆ ಬರೆಯಲೇ ಎಂದು ಅದು ಪ್ರತಿ ಸಲವೂ ಕೇಳಿತು, ಪ್ರತಿ ಸಲವೂ ಹೌದೆಂದೆ. ತಪ್ಪು ಹೇಳುವ ಫೈಲನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂಬುದು ನನ್ನ ವಾದ. ಬೇಸಿಗೆಯ ಹೊತ್ತಿಗೆ ನಾವಿಬ್ಬರೂ ಒಂದೇ ಮಾತಾಡತೊಡಗಿದೆವು. ಗೆದ್ದೆನೆಂದು ನನಗೆ ಖುಷಿಯೂ ಆಯಿತು.

ಹೋದ ತಿಂಗಳು ಐಸ್ ಫ್ಯಾಕ್ಟರಿಯ ಮೋಟರನ್ನು ನಾವಿಬ್ಬರೂ ಸರಿಯಿದೆ ಎಂದು ಕಳಿಸಿದೆವು. ಮರುದಿನವೇ ಬೇರಿಂಗ್ ಹಿಡಿದುಕೊಂಡು ಮೋಟರ್ ಸುಟ್ಟಿತು. ಮಾಲೀಕ ಅದನ್ನು ಗಾಡಿಯಲ್ಲಿ ಹಾಕಿಕೊಂಡು ಬಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಗೇಟಲ್ಲಿ ನಿಂತಿದ್ದ ವಾಚ್‌ಮನ್‌ಗೂ ಕೇಳ್ತಿತ್ತಲ್ಲ ಯಜಮಾನ್ರೇ, ಆ ಕಿರುಗುಡೋ ಸದ್ದು" ಎಂದನಷ್ಟೆ. ನಾನು ಲಂಬುವಿನ ಕಡೆ ತಿರುಗಿದೆ. ಅವನು ನೆಲ ನೋಡುತ್ತ, "ನಂಗೂ ಕೇಳಿಸಿತ್ತಣ್ಣ. ನೀವೂ ಸರಿ ಅಂದ್ರಿ, ಅದೂ ಸರಿ ಅಂತು, ನಾನೇನು ಹೇಳ್ಲಿ" ಎಂದ.

ಮರುದಿನ ಅಮ್ಮ ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಸಣ್ಣ ದನಿ, ಕೀರಲು ದನಿ ಮೊದಲು ಹೋಗುತ್ತವಂತೆ. ಹೋದದ್ದು ಕಿವಿ ಹೋದವನಿಗೇ ತಿಳಿಯುವುದಿಲ್ಲವಂತೆ. ಚಳಿಗಾಲದಲ್ಲಿ ಅದು ಹೇಳಿದ್ದೇ ಸರಿ. ನನಗೆ ಕೇಳದ್ದನ್ನು ಕೇಳಿ ನನ್ನೆದುರಿಗೇ ಹೇಳುತ್ತಿದ್ದುದು ಅದೊಂದೇ, ಅದಕ್ಕೂ ನನ್ನ ಕಿವುಡನ್ನು ಪಾಠ ಹೇಳಿಕೊಟ್ಟೆ.

ನೀನು ಮೇಜಿಗೆ ಎಟುಕದ ವಯಸ್ಸಿನಲ್ಲಿ ಕಲಿಸಿದ್ದೆನಲ್ಲ, ಎಷ್ಟೇ ಸುಟ್ಟ ಮೋಟರಾದರೂ ಬಿಚ್ಚುವಾಗ ತಂತಿಯ ಹಳೆಯ ಕಾಯಿಲ್ ಒಂದನ್ನು ಮಾದರಿಗೆ ಎತ್ತಿಡಬೇಕು, ಇಲ್ಲದಿದ್ದರೆ ಹೊಸದನ್ನು ಯಾವ ಅಳತೆಗೆ ಸುತ್ತುವುದು ಎಂದು. ಇದಕ್ಕಾಗಿ ಲಂಬು ನನ್ನಿಂದ ತಿಂದ ಬೈಗುಳ ಅಷ್ಟಿಷ್ಟಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಆ ರಜೆಯಲ್ಲಿ ಹಿಡಿದ ಸದ್ದುಗಳಿಂದ ಮತ್ತೆ ಕಲಿಸಬಹುದು ಎನ್ನುತ್ತೀಯೇನೋ. ಜಾಗ ಸಾಲದೆಂದು ಅವನ್ನು ಚಳಿಗಾಲಕ್ಕೂ ಮುಂಚೆಯೇ ಅಳಿಸಿದ್ದೆ.

ಪುರುಸೊತ್ತಾದಾಗ ಬಾ. ಈ ಸಲ ಸ್ಟೂಲಿನ ಮೇಲೆ ಲಂಬುವನ್ನು ಕೂರಿಸು. ನಾನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಹೋಗುವಾಗ ಒಂದಲ್ಲ, ಎರಡು ಪ್ರತಿ ಒಯ್ಯು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಯಲ್ಲಿ ಆದ ಕೆಲಸ ಬಹುಕಾಲ ಬಾಳಲಿ.

ಇಂತಿ,
ನಿನ್ನ ಅಪ್ಪ

ಮರೆತಿದ್ದೆ: ಅಪ್ಪನಿಗೆ ನನ್ನ ಮೇಲೆ ಕೋಪವೇ ಎಂದು ಎರಡು ಕಾಗದದಲ್ಲೂ ಕೇಳಿದ್ದೀಯ. ನೀನು ಫೋನ್ ಮಾಡಿದಾಗ ನಾನು ಅಮ್ಮನ ಕೈಗೆ ಕೊಟ್ಟು ಎದ್ದುಹೋಗುವುದು ಕೋಪಕ್ಕಲ್ಲ. ಚಳಿಗಾಲದಲ್ಲೊಮ್ಮೆ ಯಾರೋ ಗಿರಾಕಿ ಎಂದುಕೊಂಡು "ಮೋಟರ್ ನಾಳೆ ಸಿಗುತ್ತೆ" ಎಂದು ಇಟ್ಟುಬಿಟ್ಟೆ. ಅದು ನೀನೆಂದು ಅಮ್ಮ ಹೇಳಿದ ಮೇಲೆ ತಿಳಿಯಿತು. ಆ ಅಳಿಸಿದ ಸದ್ದುಗಳಲ್ಲಿ ಪ್ರತಿಯೊಂದರ ಕೊನೆಗೂ "ಇದೇನಪ್ಪ?" ಎಂಬ ನಿನ್ನ ದನಿಯಿತ್ತು. ಅಳಿಸುವಾಗ ಒಂದನ್ನೂ ಹಾಕಿ ಕೇಳಲಿಲ್ಲ. ಆಗ ಇನ್ನೂ ಸ್ವಲ್ಪ ಕೇಳುತ್ತಿತ್ತು.