ಮಿಂಚಪ್ಪ ತಡವಾಗಿ ಬಂದ ಕಥೆ

ಅಪ್ಪಾ,

ನೀವು ಹೋಗಿ ಎರಡು ವರ್ಷವಾಯಿತು, ಈ ಕಾಗದ ಎಲ್ಲಿಗೂ ಹೋಗುವುದಿಲ್ಲ. ಆದರೂ ಇವತ್ತಿನದನ್ನು ಬೇರೆ ಯಾರಿಗೆ ಹೇಳಲಿ?

ಬೆಳಿಗ್ಗೆ ಪರೇಲಿನಿಂದ ಬರುವಾಗ ವಡಾಲ ಸ್ಟೇಷನ್ ಹೊರಗಿನ ಹಳೇ ಪುಸ್ತಕಗಳ ರದ್ದಿ ಅಂಗಡಿಯಲ್ಲಿ ನಮ್ಮ ಆ ಇಂಗ್ಲಿಷ್ ಕಾಮಿಕ್ಸ್ ಸಿಕ್ಕಿತು. ಬೇರೆ ಬೇರೆ ಪುಸ್ತಕಗಳ ಇಬ್ಬರು ವೀರರು ಒಂದೇ ಕಥೆಯಲ್ಲಿ ಸೇರುತ್ತಾರಲ್ಲ, ಅದೇ. ನೀವು ಅವರಿಗೆ ಮಿಂಚಪ್ಪ, ಕಬ್ಬಿಣಪ್ಪ ಎಂದು ಹೆಸರಿಟ್ಟಿದ್ದಿರಿ. ಮಿಲ್ ಮುಷ್ಕರದ ವರ್ಷ ಅಮ್ಮ ಆಸ್ಪತ್ರೆಯಲ್ಲಿದ್ದಾಗ, ಇಂಗ್ಲಿಷ್ ಬಾರದ ನನಗೆ ಅದನ್ನು ದಿನಾ ಕನ್ನಡದಲ್ಲಿ ಓದಿ ಹೇಳುತ್ತಿದ್ದಿರಿ. ಎಷ್ಟು ಸಲ ಓದಿದರೂ ಕೊನೆಯಲ್ಲಿ ಕಬ್ಬಿಣಪ್ಪನ ಹೆಂಡತಿ ಸಾಯುತ್ತಿದ್ದಳು. ನಾನು ಜಗಳ ತೆಗೆದರೆ, ಕೊನೆಯ ಚಿತ್ರದ ಮೇಲೆ ಅಂಗೈ ಊರಿ, "ಎಷ್ಟೇ ಶಕ್ತಿ ಇದ್ರೂ ಒಂದೊಂದ್ಸಲ ಆಗಲ್ಲ ಪುಟ್ಟೀ," ಎನ್ನುತ್ತಿದ್ದಿರಿ.

ಇವತ್ತು ನಾನೇ ಓದಿದೆ. ಪುಸ್ತಕದಲ್ಲಿ ಅವಳು ಬದುಕುತ್ತಾಳೆ ಅಪ್ಪಾ. ಮಿಂಚಪ್ಪ ಸರಿಯಾದ ಹೊತ್ತಿಗೆ ಬರುತ್ತಾನೆ. ನಿಮ್ಮ ಅಂಗೈಯ ಕೆಳಗೆ ಮೂವರೂ ನಗುತ್ತಿದ್ದರು. ಅಂಗಡಿಯ ಮುಂದೆಯೇ ನಿಮ್ಮ ಮೇಲೆ ಎಂಥ ಸಿಟ್ಟು ಬಂತು ಗೊತ್ತೆ? ಆ ಸಿಟ್ಟು ಮನೆ ಮುಟ್ಟುವವರೆಗೂ ಉಳಿಯಲಿಲ್ಲ.

ಪರೇಲಿನ ಆಸ್ಪತ್ರೆಗೆ ಯಾಕೆ ಹೋಗಿದ್ದೆ ಎಂದು ಹೇಳಲಿಲ್ಲ. ರಿಪೋರ್ಟ್ ಬಂದಿದೆ. ಅಮ್ಮನನ್ನು ಒಯ್ದ ಅದೇ ಕಾಯಿಲೆ.

ಸಂಜೆ ನನ್ನ ಮಗಳು ರೇವತಿ ಪುಸ್ತಕ ಹಿಡಿದು ತೊಡೆಯೇರಿದಳು. ಅವಳಿಗಿನ್ನೂ ಓದಲು ಬಾರದು. ಒಂದೊಂದೇ ಪುಟ ಹೇಳುತ್ತಾ ಹೋದೆ. ಕೊನೆಯ ಪುಟ ತಿರುವುವಾಗ, "ಫಿರ್ ಕ್ಯಾ ಹುಆ, ಅಮ್ಮಾ?" ಎಂದು ಮುಂದೇನಾಯಿತೆಂದು ಕೇಳಿದಳು.

ನಾನು ಆ ಚಿತ್ರದ ಮೇಲೆ ಅಂಗೈ ಊರಿದೆ.

"ಮಿಂಚಪ್ಪ ಬರೋ ಹೊತ್ಗೆ ತಡ ಆಗೋಗಿತ್ತು, ಪುಟ್ಟೀ."