ಗಾಜಿನ ತೊಟ್ಟಿಯ ಉಪ್ಪು ನೀರು

ಪುತ್ತೂರು,
12-4-1962

ಪೂಜ್ಯ ತೀರ್ಥರಾಮ ಮಾಸ್ಟ್ರಿಗೆ, ಶಾಲೆಯ ಜವಾನ ದುಗ್ಗಪ್ಪ ಮಾಡುವ ನಮಸ್ಕಾರಗಳು.

ನೀವು ಕಡಬಕ್ಕೆ ವರ್ಗವಾಗಿ ಹೋಗುವಾಗ ಗಾಜಿನ ತೊಟ್ಟಿಯನ್ನು ನನ್ನ ಕೈಗೆ ಒಪ್ಪಿಸಿದ್ದಿರಿ. ಅದರಲ್ಲಿದ್ದ ಎರಡು ಪಟ್ಟೆ ಮೀನುಗಳಲ್ಲಿ ಒಂದು ಸೋಮವಾರ ಸತ್ತಿತು. ತಪ್ಪು ನನ್ನದೇ.

ವಾರಕ್ಕೊಮ್ಮೆ ನಾಲ್ಕು ಚೊಂಬು ಹಳೆ ನೀರು ತೆಗೆದು ಅಷ್ಟೇ ಕಡಲ ನೀರು ಹಾಕುವುದನ್ನು ನಾನು ತಪ್ಪಿಸಲಿಲ್ಲ. ಬಸ್ಸಿನ ಸಾಹುಲ್ ಹಮೀದರು ಮಂಗಳೂರಿನಿಂದ ಕ್ಯಾನಿನಲ್ಲಿ ತಂದುಕೊಡುತ್ತಾರೆ. ಆದರೆ ಬಿಸಿಲಿಗೆ ನೀರು ಆರಿ ಇಳಿದರೆ ಬಾವಿ ನೀರನ್ನೇ ತುಂಬಬೇಕೆಂದು ನೀವು ಹೇಳಿದ್ದಿರಿ. ನನಗೆ ಮನಸ್ಸು ಬರಲಿಲ್ಲ. ಕಡಲಿನ ಜೀವಕ್ಕೆ ಬಾವಿ ನೀರು ಯಾಕೆಂದು ಅದಕ್ಕೂ ಕಡಲ ನೀರನ್ನೇ ಹಾಕುತ್ತ ಬಂದೆ. ಹೊಸ ಮಾಸ್ಟ್ರು ನೋಡಿ, "ಎಂತ ಮಾಡಿದ್ದು ಮಾರಾಯ? ಆರುದು ನೀರು ಮಾತ್ರ, ಉಪ್ಪು ಎಲ್ಲ ಒಳಗೇ ಉಂಟು" ಎಂದರು.

ನಿಮ್ಮ ಮಗಳು ವಾರಿಜ ಉಳ್ಳಾಲದ ಬಂಡೆಗಳ ಎಡೆಯಿಂದ ಈ ಮೀನುಗಳನ್ನು ಹಿಡಿದು ತಂದ ದಿನ ನನಗೆ ನೆನಪಿದೆ. ಅವಳು ಜ್ವರದಲ್ಲಿ ತೀರಿಕೊಂಡ ಮೇಲೆ ಅವನ್ನು ಮನೆಯಲ್ಲಿ ನೋಡಲಾಗದೆ ನೀವು ಶಾಲೆಗೆ ತಂದಿಟ್ಟಿರಿ. ಹಾಗಾಗಿ ಈ ಪತ್ರ ಬರೆಯಲು ನನಗೆ ಮೂರು ದಿನ ಹಿಡಿಯಿತು.

ಇನ್ನೊಂದು ಮೀನು ಬದುಕಿದೆ. ನೀರನ್ನು ಒಮ್ಮೆಗೇ ಸರಿಮಾಡಿದರೆ ಅದೂ ಉಳಿಯುವುದಿಲ್ಲವಂತೆ. ದಿನಕ್ಕೊಂದು ಚೊಂಬು ಉಪ್ಪು ನೀರು ತೆಗೆದು ಬಾವಿ ನೀರು ಹಾಕುತ್ತಿದ್ದೇನೆ. ಇದು ಸರಿಯೋ ತಪ್ಪೋ ಒಂದು ಕಾರ್ಡು ಬರೆಯಿರಿ. ಬೈದು ಬರೆದರೂ ಆಗುತ್ತದೆ, ಬರೆಯದೆ ಮಾತ್ರ ಇರಬೇಡಿ.

ನಿಮ್ಮ ವಿಧೇಯ,
ದುಗ್ಗಪ್ಪ