ಗುಣವಾದ ತಪ್ಪಿಗೆ ನಿಂತುಹೋದ ಮಾತ್ರೆ

ಸರ್ಕಾರಿ ಆರೋಗ್ಯ ವಿಮೆಗೆ ಯಾರು ಅರ್ಹರು, ಯಾರಲ್ಲ ಎಂದು ತೀರ್ಮಾನಿಸುವ ಮಾನ್ಯರೇ,

ನನ್ನಿಂದ ಒಂದು ಅಪರಾಧವಾಗಿದೆ. ನಾನು ಬದುಕಿಕೊಂಡೆ. ಎರಡೂ ಕಿಡ್ನಿ ಕೈಕೊಟ್ಟಿದ್ದಾಗ ನಾನು ನಿಮ್ಮ ವಿಮೆಗೆ ಸಕಲ ರೀತಿಯಲ್ಲೂ ಯೋಗ್ಯನಾಗಿದ್ದೆ. ಡಯಾಲಿಸಿಸ್ ಖರ್ಚನ್ನು ತುಟಿಪಿಟಕ್ಕೆನ್ನದೆ ಕೊಟ್ಟಿರಿ. ಆಮೇಲೆ ಅಕ್ಕ ತನ್ನದೊಂದು ಕಿಡ್ನಿ ಕೊಟ್ಟಳು. ಅದು ನನ್ನೊಳಗೆ ಸೊಗಸಾಗಿ ಕೆಲಸ ಮಾಡತೊಡಗಿತು. ಈಗ, ಫಲಾನುಭವಿಯು ಕಿಡ್ನಿ ವೈಫಲ್ಯದಿಂದ ಬಳಲುತ್ತಿಲ್ಲವಾದ್ದರಿಂದ ಅನರ್ಹನೆಂದು ನಿಮ್ಮ ಕಚೇರಿ ಅಪ್ಪಣೆ ಕೊಡಿಸಿದೆ. ಬಳಲದೆ ಇದ್ದುದಕ್ಕೆ ಕ್ಷಮೆಯಿರಲಿ.

ಕಸಿ ಮಾಡಿದ ಕಿಡ್ನಿ ಉಳಿಯಬೇಕಾದರೆ ಹೊತ್ತು ತಪ್ಪದೆ ಮಾತ್ರೆ ನುಂಗುತ್ತಲೇ ಇರಬೇಕು. ಇಲ್ಲದಿದ್ದರೆ, ಒಡಹುಟ್ಟಿದವಳದೇ ಆದರೂ, ದೇಹ ಅದನ್ನು ಹೊರಗಿನದೆಂದು ಹಾಳುಗೆಡವುತ್ತದೆ. ವಿಮೆಯಿಲ್ಲದೆ ಆ ಮಾತ್ರೆ ಕೊಳ್ಳುವ ತಾಕತ್ತು ನನ್ನ ಹೊಲಿಗೆ ಯಂತ್ರಕ್ಕಿಲ್ಲ. ಮಾತ್ರೆ ನಿಂತರೆ ಕಿಡ್ನಿ ಕೆಡುತ್ತದೆ. ಕೆಟ್ಟೊಡನೆ ನಾನು ಮತ್ತೆ ಅರ್ಹ! ನಾನು ದರ್ಜಿ. ಗುಂಡಿ ಭದ್ರವಾಗಿ ಕೂತಿದೆ, ಇನ್ನು ದಾರವೇಕೆ ಎಂದು ಕಿತ್ತುಕೊಂಡರೆ ಗಿರಾಕಿಗಳು ನನ್ನನ್ನು ಸುಮ್ಮನೆ ಬಿಡುತ್ತಾರೆಯೇ? ನಿಮ್ಮನ್ನು ಮಾತ್ರ ಕೇಳುವವರೇ ಇಲ್ಲವೇ?

ಇದ್ದಾಳೆ, ನನ್ನ ಅಕ್ಕ. ಶಾಲೆಯಲ್ಲಿ ಮಕ್ಕಳಿಗೆ ಆಟೋಟ ಕಲಿಸುವವಳು. ಅವಳು ಸೀಟಿ ಊದಿದರೆ ಬೀದಿಯ ನಾಯಿಯೂ ಸಾಲಿನಲ್ಲಿ ನಿಲ್ಲುತ್ತದೆ. ಕಳೆದ ವಾರ ನನ್ನನ್ನು ನಿಮ್ಮ ಕಚೇರಿಗೆ ಎಳೆದುಕೊಂಡು ಬಂದಳು. ಕಿಟಕಿಯಾಚೆಯ ಗುಮಾಸ್ತರು ನನ್ನನ್ನು ಮೇಲಿಂದ ಕೆಳಗೆ ನೋಡಿ ಸಂತೋಷಪಟ್ಟರು.

"ತಮ್ಮನವ್ರು ಚೆನ್ನಾಗೇ ಇದ್ದಾರಲ್ಲ ಮೇಡಂ. ಕೆನ್ನೆ ನೋಡಿ, ಹೇಗೆ ತುಂಬ್ಕೊಂಡಿದೆ!"

"ಅದು ಮಾತ್ರೆಯಿಂದ ಬಂದಿರೋ ಊತ ಕಣಪ್ಪಾ," ಎಂದಳು ಅಕ್ಕ. "ಸರಿ, ಒಂದ್ ಕೆಲಸ ಮಾಡಿ. ನನ್ನ ಕಿಡ್ನಿ ನಂಗೇ ವಾಪಸ್ ಕೊಡ್ಸಿ. ಆಗ ಇವನಿಗೆ ವಿಮೆ ಸಿಗುತ್ತಾ?"

ಅವಳು ಕುಟುಕಿದ್ದು. ಗುಮಾಸ್ತರು ಅದನ್ನು ವಿಚಾರಣೆ ಎಂದು ತಿಳಿದು, ಕನ್ನಡಕ ಸರಿಮಾಡಿಕೊಂಡು ನಿಮ್ಮ ಕೋಣೆಯೊಳಗೆ ಹೋದರು. ಬಹಳ ಹೊತ್ತಿನ ಮೇಲೆ ಹೊರಬಂದರು.

"ಸಾಹೇಬ್ರನ್ನ ಕೇಳ್ದೆ ಮೇಡಂ. ಸಿಗುತ್ತಂತೆ. ಆದ್ರೆ ಹೊಸದಾಗಿ ಅರ್ಜಿ ಹಾಕ್ಬೇಕಂತೆ."

ಅಕ್ಕನ ಬಾಯಿ ಕಟ್ಟಿಹೋದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಈ ಸಾಧನೆಗೆ ಅಭಿನಂದನೆಗಳು.

ಆದರೆ ಮಾನ್ಯರೇ, ಮನೆಗೆ ಬಂದ ಮೇಲೆ ನಾನು ಬಟ್ಟೆಯ ಕತ್ತರಿಯಲ್ಲಿ ಮಾತ್ರೆಯನ್ನು ಅರ್ಧ ಮಾಡುತ್ತಿದ್ದುದು ಅವಳ ಕಣ್ಣಿಗೆ ಬಿತ್ತು. ದಾರ ಚೆಲ್ಲಿದರೂ ಬೈಯುವವಳು ಅಂದು ಬೈಯಲಿಲ್ಲ. ನನ್ನ ಪಕ್ಕ ಕೂತು, "ಹೆದರ್ಬೇಡ ಕಣೋ, ನನ್ನ ಹತ್ರ ಇನ್ನೊಂದಿದೆ," ಎಂದಳು. ತಮಾಷೆಯೇ ಇರಬೇಕು ಎಂದು ಅವಳ ಮುಖ ನೋಡಿದೆ. ನಗುತ್ತಿರಲಿಲ್ಲ. ನನಗೆ ನಿಜವಾಗಿಯೂ ಭಯವಾಯಿತು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಕಸಿಯಾದ ಕಿಡ್ನಿ ಕೆಲಸ ಮಾಡುವಷ್ಟು ಕಾಲವೂ ನಮ್ಮಂಥವರು ಅರ್ಹರೆಂದು ಆದೇಶ ಹೊರಡಿಸಿ, ಮಾತ್ರೆ ಕೊಡಿ. ಅಕ್ಕನ ಆ ಇನ್ನೊಂದು ಕಿಡ್ನಿ ಅಕ್ಕನಲ್ಲೇ ಇರಲಿ.

ಇಂತಿ,
ಚೆನ್ನಾಗಿದ್ದಾನೆಂಬ ಆರೋಪ ಹೊತ್ತಿರುವ,
ಅರ್ಧ ಮಾತ್ರೆಯ ದರ್ಜಿ